ಕಬ್ಬಿನ ಗದ್ದೆಯ ಊರಿನಲ್ಲಿ ಪಿಟೀಲಿನ ಪಾಠ

ಬೇಸಿಗೆ ರಜ ಬಂತೆಂದರೆ ನಮ್ಮಲ್ಲಿ ಈಜು, ಚಿತ್ರಕಲೆ, ನಾಟಕ ಎಂದು ಶಿಬಿರಗಳ ಭರಾಟೆ ಶುರುವಾಗುತ್ತದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಮಗುವನ್ನು ಸೇರಿಸಲು ಓಡಾಡುವ ತಂದೆತಾಯಿಯರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಕೆರಿಬಿಯನ್ ಸಮುದ್ರದ ಹೈಟಿ ಎಂಬ ಪುಟ್ಟ ದೇಶದಲ್ಲಿ, ಜುಲೈ-ಆಗಸ್ಟ್ ತಿಂಗಳ ರಜೆಯಲ್ಲಿ ಮಕ್ಕಳು ಪಿಟೀಲು, ಚೆಲೋ, ಕ್ಲಾರಿನೆಟ್, ಕಹಳೆಗಳನ್ನು ಹಿಡಿದು ಸಂಗೀತ ಶಿಬಿರಕ್ಕೆ ಹೊರಡುತ್ತಾರೆ. ಅವರಿಗೆ ಪಾಠ ಹೇಳಲು ಅಮೆರಿಕದಿಂದ, ಯೂರೋಪಿನಿಂದ ಸಂಗೀತಗಾರರು ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಬರುತ್ತಿದ್ದರು. ಸಂಬಳವಿಲ್ಲ. ಸೆಖೆ, ಸೊಳ್ಳೆ, ಕೈಕೊಡುವ ವಿದ್ಯುತ್ತು ಮಾತ್ರ ಖಾತ್ರಿ. ಆದರೂ ಒಮ್ಮೆ ಬಂದವರಲ್ಲಿ ಅನೇಕರು ಮರುವರ್ಷ ಮತ್ತೆ ಬರುತ್ತಿದ್ದರು.

‘ಬರುತ್ತಿದ್ದರು’ ಎಂಬ ಭೂತಕಾಲಕ್ಕೆ ಕಾರಣವಿದೆ. ಅದು ಮುಂದೆ ಬರುತ್ತದೆ.

ಹೈಟಿ ಎಂದೊಡನೆ ನಮ್ಮ ಪತ್ರಿಕಾ ಓದುಗರಿಗೆ ನೆನಪಾಗುವುದು ಬಡತನ, ಭೂಕಂಪ, ದಂಗೆ. ಶಾಲೆಯ ಪುಸ್ತಕಗಳು ಹೇಳದ ಒಂದು ಸಂಗತಿಯೆಂದರೆ, ಗುಲಾಮರೇ ಬಂಡೆದ್ದು ಗೆದ್ದು ಕಟ್ಟಿದ ದೇಶ ಅದು. 1791ರಲ್ಲಿ ಫ್ರೆಂಚರ ಕಬ್ಬಿನ ತೋಟಗಳಲ್ಲಿ ಹೊತ್ತಿದ ಕಿಡಿ 1804ರ ಜನವರಿ 1ರಂದು ಸ್ವಾತಂತ್ರ್ಯವಾಗಿ ಪರಿಣಮಿಸಿತು. ಆ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಿದ ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕುಗಳ ಪರಿಹಾರ ಕೇಳಿತು. ಆ ಸಾಲ ತೀರಿಸುವುದರಲ್ಲಿ ಹಲವು ತಲೆಮಾರುಗಳು ಸವೆದವು. ಇಷ್ಟಾದರೂ ಅಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ಅರಮನೆಯ ಬ್ಯಾಂಡಿನ ಮುಖ್ಯಸ್ಥನಾಗಿದ್ದ ಒಕ್ಸೀಡ್ ಜಾಂಟಿ ಎಂಬಾತ ಸ್ವಾತಂತ್ರ್ಯದ ಶತಮಾನೋತ್ಸವಕ್ಕೆಂದು ರಚಿಸಿದ ನಡಿಗೆಯ ಸಂಗೀತಕ್ಕೆ ‘1804’ ಎಂದೇ ಹೆಸರು.

ಸನ್ಯಾಸಿನಿ ಹಾಕಿದ ಬೀಜ

ಶಿಬಿರಗಳ ಕತೆ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಿಂದ ಆರಂಭವಾಗುತ್ತದೆ. ಅಲ್ಲಿನ ಹೋಲಿ ಟ್ರಿನಿಟಿ ಎಪಿಸ್ಕೋಪಲ್ ಕೆಥೆಡ್ರಲ್‌ಗೆ ಸೇರಿದ ಶಾಲೆಯಲ್ಲಿ 1950ರ ದಶಕದಲ್ಲಿ ಸಿಸ್ಟರ್ ಆ್ಯನ್ ಮೇರಿ ಎಂಬ ಸನ್ಯಾಸಿನಿ ಮಕ್ಕಳಿಗೆ ವಾದ್ಯ ಕಲಿಸಲು ತೊಡಗಿದರು. ಮುಂದೆ ಅದು ಸೇಂಟ್ ಟ್ರಿನಿಟೆ ಎಂಬ ಸಂಗೀತ ಶಾಲೆಯಾಯಿತು. ಅದರಿಂದ ಒಂದು ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ, ಹುಡುಗರ ಒಂದು ಗಾನವೃಂದ ಬೆಳೆದವು. (ಇಲ್ಲಿ ಆರ್ಕೆಸ್ಟ್ರಾ ಎಂದರೆ ಗಣಪತಿ ಹಬ್ಬದಲ್ಲಿ ಚಿತ್ರಗೀತೆ ನುಡಿಸುವ ನಮ್ಮ ‘ಆರ್ಕೆಸ್ಟ್ರಾ’ ಅಲ್ಲ, ಹತ್ತಾರು ಜನ ಒಟ್ಟಿಗೆ ಕುಳಿತು, ಹಾಳೆಯಲ್ಲಿ ಬರೆದ ಸ್ವರಗಳನ್ನು ಓದಿ ನುಡಿಸುವ ವಾದ್ಯವೃಂದ.) ಬಾಸ್ಟನ್ ಸಿಂಫನಿಯ ಕಲಾವಿದರ ನೆರವೂ ದೊರೆಯಿತು.

ಬೇಸಿಗೆಯಲ್ಲಿ ಶಾಲೆ ಊರು ಬಿಡುತ್ತಿತ್ತು. ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರು ದೂರದ ಲೆಯೋಗಾನ್ ಕಬ್ಬಿನ ಸೀಮೆ. 2010ಕ್ಕೆ ಮುಂಚೆ ಅನೇಕ ವರ್ಷ ಶಿಬಿರ ನಡೆದದ್ದು ಅಲ್ಲಿ. ಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಗಿನಿಂದ ರಾತ್ರಿಯವರೆಗೆ ಸಂಗೀತದಲ್ಲೇ ಇರುತ್ತಿದ್ದರು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಚೆಲೋ ಕಲಿಸುತ್ತಿದ್ದ ಜಾನೆಟ್ ಆಂಥನಿ 1996ರಲ್ಲಿ ಮೊದಲ ಬಾರಿಗೆ ಹೈಟಿಗೆ ಹೋದರು. ಆಮೇಲೆ ವರ್ಷ ವರ್ಷವೂ ಹೋದರು. ತಮ್ಮ ವಿದ್ಯಾರ್ಥಿಗಳನ್ನೂ ಕರೆದೊಯ್ದರು. ಸಂಗೀತ ಶಿಕ್ಷಣದ ಮೂಲಕ ನಾಯಕರನ್ನು ಬೆಳೆಸುವುದು ಎಂಬ ಅರ್ಥದ ‘ಬ್ಲೂಮ್ ಹೈಟಿ’ ಸಂಸ್ಥೆ ಅವರ ಪ್ರಯತ್ನದ ಫಲ. ರಾಜಧಾನಿಯಾಚೆಯ ಊರುಗಳಲ್ಲಿನ ಸಂಗೀತ ಶಾಲೆಗಳಿಗೂ ಶಿಬಿರಗಳಿಗೂ ಅದು ಬೆಂಬಲವಾಗಿ ನಿಂತಿತು. ತೀರಾ ಚಿಕ್ಕ ಸಂಸ್ಥೆ. ಆದರೆ ಅದು ಮೊದಲಿಂದ ಹಿಡಿದ ದಾರಿ ಗಮನಿಸುವಂಥದ್ದು: ಹೊರಗಿನವರು ಹೋಗಿ ಹೊಸ ಶಾಲೆ ತೆರೆಯುವುದಲ್ಲ, ಅಲ್ಲಿನವರು ನಡೆಸುತ್ತಿರುವುದಕ್ಕೆ ಕೈಜೋಡಿಸುವುದು.

ಬಂದ ಮೇಷ್ಟ್ರಿಗೆ ಮೊದಲ ಪಾಠ

ಹೊಸದಾಗಿ ಬಂದ ಸ್ವಯಂಸೇವಕ ಶಿಕ್ಷಕ ಮೊದಲು ಕಲಿಯಬೇಕಾದದ್ದು ತನ್ನ ಸ್ವರಗಳ ಹೆಸರನ್ನೇ. ಅಮೆರಿಕದಲ್ಲಿ ಸ್ವರಗಳಿಗೆ ಸಿ, ಡಿ, ಇ ಎಂಬ ಅಕ್ಷರಗಳು. ಹೈಟಿಯಲ್ಲಿ ಫ್ರೆಂಚ್ ಪದ್ಧತಿ: ದೊ, ರೆ, ಮಿ, ಫಾ, ಸೋಲ್, ಲಾ, ಸಿ. ಪಿಟೀಲಿನ ನಾಲ್ಕು ತಂತಿಗಳು ಸೋಲ್, ರೆ, ಲಾ, ಮಿ. ಅಮೆರಿಕದ ಮೇಷ್ಟ್ರು ತಮ್ಮ ಅಭ್ಯಾಸದಂತೆ ‘ಸಿ’ ಎಂದರೆ ಅವರ ಮನಸ್ಸಿನಲ್ಲಿರುವುದು ಮೊದಲನೆಯ ಸ್ವರ. ಎದುರಿಗಿರುವ ಮಗು ನುಡಿಸುವುದು ಏಳನೆಯದನ್ನು. ತಪ್ಪು ಮಗುವಿನದಲ್ಲ.

ನಮ್ಮ ಸಂಗೀತ ವಿದ್ಯಾರ್ಥಿಗಳು ಇಲ್ಲಿ ಇನ್ನೂ ಒಂದು ಸಂಗತಿ ಗಮನಿಸಬೇಕು. ನಮ್ಮ ಷಡ್ಜ ಸ್ಥಿರವಲ್ಲ. ಹಾಡುವವರ ಶಾರೀರಕ್ಕೆ ತಕ್ಕಂತೆ ಶ್ರುತಿ ಒಂದು ಕಟ್ಟಳೆ ಇರಬಹುದು, ಐದು ಕಟ್ಟಳೆಯೂ ಇರಬಹುದು. ಎಲ್ಲಿ ಕೂತರೂ ಅದು ‘ಸ’ವೇ. ಹೈಟಿಯ ‘ದೊ’ ಹಾಗಲ್ಲ. ಅದು ಒಂದೇ ಜಾಗದಲ್ಲಿ ಗೂಟ ಹೊಡೆದು ಕೂತ ಸ್ವರ. ಕರ್ನಾಟಕ ಸಂಗೀತ ಕಲಿತ ಹುಡುಗಿಯೊಬ್ಬಳು ಅಲ್ಲಿಗೆ ಹೋದರೆ ಮೊದಲ ದಿನ ಗೊಂದಲಗೊಳ್ಳುವುದು ಖಂಡಿತ. ವಾದ್ಯ ಮಾತ್ರ ಅದೇ. ನಾವು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ, ಸ-ಪ-ಸ-ಪ ಎಂದು ಶ್ರುತಿ ಮಾಡಿ ಗಮಕ ನುಡಿಸುತ್ತೇವೆ. ಅವರು ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗದ್ದಕ್ಕೊತ್ತಿಕೊಂಡು ನುಡಿಸುತ್ತಾರೆ.

ಎರಡನೆಯ ತೊಡಕು ಭಾಷೆಯದು. ಹೈಟಿಯಲ್ಲಿ ಮನೆಮಾತು ಕ್ರಿಯೋಲ್. ಪಾಠಪುಸ್ತಕ, ಕಚೇರಿ, ಪ್ರತಿಷ್ಠೆಗಳ ಭಾಷೆ ಬಹುಕಾಲ ಫ್ರೆಂಚ್. ಕ್ರಿಯೋಲಿಗೆ ಫ್ರೆಂಚಿನೊಂದಿಗೆ ಅಧಿಕೃತ ಭಾಷೆಯ ಸ್ಥಾನ ದೊರೆತದ್ದು 1987ರ ಸಂವಿಧಾನದಲ್ಲಿ. ತರಗತಿಯಲ್ಲಿ ಒಂದು ಭಾಷೆ, ಬಚ್ಚಲು-ಅಡುಗೆಮನೆಯಲ್ಲಿ ಇನ್ನೊಂದು ಎಂಬ ಈ ಅವಸ್ಥೆ ನಮ್ಮ ಪೋಷಕರಿಗೆ ಹೊಸದೇನಲ್ಲ. ಫ್ರೆಂಚಿನಲ್ಲಿ ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲುವ ಹುಡುಗ, ನಾಲ್ಕು ಮಾತು ಕ್ರಿಯೋಲಿನಲ್ಲಿ ಆಡಿದರೆ ಬಾಯಿಬಿಡುತ್ತಾನೆ. ಆದ್ದರಿಂದ ಅನುಭವವುಳ್ಳ ಸ್ವಯಂಸೇವಕರು ಹೊರಡುವ ಮುಂಚೆಯೇ ಎಣಿಕೆ, ‘ಮತ್ತೊಮ್ಮೆ’, ‘ನಿಧಾನವಾಗಿ’, ‘ಕೇಳು’ ಎಂಬಷ್ಟನ್ನಾದರೂ ಕ್ರಿಯೋಲಿನಲ್ಲಿ ಕಲಿತುಕೊಳ್ಳುತ್ತಾರೆ. ಉಳಿದದ್ದಕ್ಕೆ ಕೈ ಇದೆ, ವಾದ್ಯವಿದೆ.

ಮೂರನೆಯದು ಹವೆ. ಪಿಟೀಲಿನ ಹಲಗೆಗಳನ್ನು ಕೂಡಿಸುವುದು ಪ್ರಾಣಿಗಳ ಚರ್ಮವನ್ನು ಕಾಯಿಸಿ ತೆಗೆದ ಅಂಟಿನಿಂದ. ದುರಸ್ತಿಗೆ ಬಿಚ್ಚಲು ಬರಲಿ ಎಂದೇ ಆ ಅಂಟನ್ನು ಬಳಸುತ್ತಾರೆ. ಆದರೆ ಬಿಸಿಲು, ತೇವ ಎರಡೂ ಸೇರಿದರೆ ಅದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಿರಡೆಗಳು ಊದಿ ಸಿಕ್ಕಿಕೊಳ್ಳುತ್ತವೆ. ಕಮಾನಿನ ಕುದುರೆಗೂದಲು ಜೋಲುತ್ತದೆ. ಮಂಗಳೂರು, ಉಡುಪಿಯ ಕಡೆಯ ಪಿಟೀಲು ವಾದಕರನ್ನು ಕೇಳಿದರೆ ಮಳೆಗಾಲದ ಇಂಥ ಕಷ್ಟಗಳನ್ನು ಅವರೂ ಹೇಳಿಯಾರು. ವ್ಯತ್ಯಾಸವೆಂದರೆ ಇಲ್ಲಿ ತಂತಿ ಬೇಕೆಂದರೆ ಪೇಟೆಯ ಅಂಗಡಿಗೆ ಹೋದರಾಯಿತು. ಹೈಟಿಯ ಹಳ್ಳಿಯಲ್ಲಿ ಒಂದು ತಂತಿ ಹರಿದರೆ ಆ ವಾದ್ಯ ತಿಂಗಳುಗಟ್ಟಲೆ ಗೋಡೆಗೆ ಒರಗಿ ಕೂರುತ್ತದೆ. ಶಿಬಿರಕ್ಕೆ ಬರುವ ಮೇಷ್ಟ್ರ ಸೂಟ್‌ಕೇಸಿನಲ್ಲಿ ಅರ್ಧ ಭಾಗ ತಂತಿ, ರಾಳ, ಕ್ಲಾರಿನೆಟ್ಟಿನ ಕಡ್ಡಿ, ಕಹಳೆಯ ಎಣ್ಣೆ ತುಂಬಿರುತ್ತಿದ್ದುದು ಅದಕ್ಕೇ. ಬ್ರಿಟನ್, ಬೆಲ್ಜಿಯಂಗಳ ‘ಗಡಿಯಿಲ್ಲದ ವಾದ್ಯಶಿಲ್ಪಿಗಳು’ ಎಂಬ ಅರ್ಥದ ಹೆಸರಿನ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾದ್ಯ ರಿಪೇರಿಯನ್ನೇ ಹೈಟಿಯ ತರುಣರಿಗೆ ಕಲಿಸಿತು. ನೂರು ಪಿಟೀಲು ದಾನ ಕೊಟ್ಟವರಿಗಿಂತ ರಿಪೇರಿ ಕಲಿಸಿದವರ ಉಪಕಾರ ದೊಡ್ಡದು ಎಂದರೆ ಅತಿಶಯೋಕ್ತಿಯಾಗಲಾರದು.

ಬಿದಿರಿನ ಕಹಳೆ

ಇಷ್ಟನ್ನು ಓದಿದವರಿಗೆ, ಏನೂ ಅರಿಯದ ಮಕ್ಕಳಿಗೆ ಹೊರಗಿನವರು ಬಂದು ಸಂಗೀತ ಕೊಟ್ಟರು ಎಂದು ತೋರಿದರೆ ಅದು ತಪ್ಪು. ಲೆಯೋಗಾನ್ ‘ರಾರಾ’ ಎಂಬ ಮೆರವಣಿಗೆ ಸಂಗೀತದ ತವರು. ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಡೋಲು, ತಗಡಿನ ತುತ್ತೂರಿ, ಬಿದಿರಿನ ಕಹಳೆಗಳೊಂದಿಗೆ ತಂಡಗಳು ರಾತ್ರಿಯೆಲ್ಲ ಬೀದಿ ಸುತ್ತುತ್ತವೆ. ‘ವಾಕ್ಸಿನ್’ ಎನ್ನುವ ಈ ಬಿದಿರ ಕೊಳವೆ ವಿಚಿತ್ರವಾದದ್ದು. ಒಂದು ಕೊಳವೆಯಲ್ಲಿ ಹೆಚ್ಚುಕಡಿಮೆ ಒಂದೇ ಸ್ವರ. ಉದ್ದದ್ದು ತಗ್ಗಿನ ಸ್ವರ, ಗಿಡ್ಡದ್ದು ಏರಿನದು. ಮೂರು-ನಾಲ್ಕು ಜನ ಒಬ್ಬೊಬ್ಬರು ಒಂದೊಂದು ಕೊಳವೆ ಹಿಡಿದು, ತನ್ನ ಸರದಿ ಬಂದ ಕ್ಷಣಕ್ಕೆ ಸರಿಯಾಗಿ ಊದುತ್ತಾರೆ. ಜೊತೆಗೆ ಕೊಳವೆಯ ಮೈಗೆ ಕೋಲಿನಿಂದ ತಾಳ ಬಡಿಯುತ್ತಾರೆ. ಹೀಗೆ ಹಂಚಿಕೊಂಡ ಸ್ವರಗಳು ಸೇರಿ ಒಂದು ಧಾಟಿಯಾಗುತ್ತದೆ. ಒಬ್ಬ ಅರೆಗಳಿಗೆ ತಡಮಾಡಿದರೆ ಧಾಟಿಯಲ್ಲಿ ತೂತು ಬೀಳುತ್ತದೆ.

ಇಂಥ ಬೀದಿಗಳಲ್ಲಿ ಬೆಳೆದ ಮಗುವಿಗೆ ಲಯ ಕಲಿಸಬೇಕಾದ ಅಗತ್ಯವಿಲ್ಲ. ಬಿಡುವಿನ ಅಳತೆ, ಇನ್ನೊಬ್ಬನನ್ನು ಕೇಳಿಸಿಕೊಂಡು ತನ್ನ ಸ್ವರಕ್ಕೆ ಕಾಯುವ ಗುಣ — ಸಂಗೀತ ಕಾಲೇಜಿನಲ್ಲಿ ವರ್ಷಗಟ್ಟಲೆ ತಿದ್ದಿದರೂ ಬಾರದ್ದು — ಅವರಲ್ಲಿ ಆಗಲೇ ಇರುತ್ತದೆ. ಹಾಳೆ ಓದುವುದು ಮಾತ್ರ ನಿಧಾನ. ಬುದ್ಧಿವಂತ ಮೇಷ್ಟ್ರು ಮೊಜಾರ್ಟನ ಜೊತೆಗೆ ಹೈಟಿಯ ರಚನಕಾರರ ಕೃತಿಗಳನ್ನೂ ಎತ್ತಿಕೊಳ್ಳುತ್ತಾರೆ. ಹೋಲಿ ಟ್ರಿನಿಟಿ ಆರ್ಕೆಸ್ಟ್ರಾವನ್ನು ನಡೆಸಿದ, ಕೊಳಲುವಾದಕರೂ ಆಗಿದ್ದ ಜೂಲಿಯೊ ರಸೀನ್ ತಮ್ಮ ನಾಡಿನ ಲಯಗಳನ್ನು ಇಂಥ ವಾದ್ಯಗಳಿಗೆ ಹೊಂದಿಸಿ ಬರೆದವರು. ಅಂಥ ಒಂದು ತುಣುಕು ಎದುರಿಗೆ ಬಂದಾಗ ಮಗುವಿಗೆ ಸಲೀಸಾದ ಲಯ ಮೇಷ್ಟ್ರಿಗೆ ತೊಡಕಾಗುವುದುಂಟು. ಆಗ ಯಾರು ಯಾರಿಗೆ ಗುರು?

ನೆಲ ನಡುಗಿದ ಸಂಜೆ

2010ರ ಜನವರಿ 12, ಸಂಜೆ 4 ಗಂಟೆ 53 ನಿಮಿಷ. 7.0 ಪ್ರಮಾಣದ ಭೂಕಂಪ. ಕೇಂದ್ರಬಿಂದು ಲೆಯೋಗಾನ್ ಸಮೀಪ. ಆ ಊರಿನ ಕಟ್ಟಡಗಳಲ್ಲಿ ನೂರಕ್ಕೆ 80ರಿಂದ 90ರಷ್ಟು ಹಾಳಾದವೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ದೇಶದಲ್ಲಿ ಸತ್ತವರ ಲೆಕ್ಕದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಸರ್ಕಾರ ಮೂರು ಲಕ್ಷ ದಾಟಿತೆಂದಿತು. ಬೇರೆ ಅಂದಾಜುಗಳು ಅದಕ್ಕಿಂತ ಬಹಳ ಕಡಿಮೆ. ರಾಜಧಾನಿಯಲ್ಲಿ ಕೆಥೆಡ್ರಲ್ ಉರುಳಿತು, ಅದರೊಂದಿಗೆ ಸಂಗೀತ ಶಾಲೆಯೂ ಉರುಳಿತು.

ಆ ಶಾಲೆಯಲ್ಲಿ ಕಲಿತು ಬೆಳೆದ ರೊಮೆಲ್ ಜೋಸೆಫ್ ಎಂಬ ಪಿಟೀಲು ವಾದಕರ ಕತೆ ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲವೆಂದೇ ಹೇಳಬೇಕು. ನ್ಯೂಯಾರ್ಕಿನ ಜೂಲಿಯಾರ್ಡ್‌ನಲ್ಲಿ ಓದಿ, ಬೇಕಿದ್ದರೆ ಅಲ್ಲೇ ಉಳಿಯಬಹುದಿತ್ತು. ಊರಿಗೆ ಮರಳಿ ಮಕ್ಕಳ ಶಾಲೆ ತೆರೆದರು. ಆ ಶಾಲೆ 2000ನೇ ಇಸವಿಯ ಜನವರಿ 12ರಂದು ಬೆಂಕಿಗೆ ಆಹುತಿಯಾಗಿತ್ತು. ಮತ್ತೆ ಕಟ್ಟಿದ್ದು ಸರಿಯಾಗಿ ಹತ್ತು ವರ್ಷದ ಮೇಲೆ ಅದೇ ದಿನ ಕುಸಿಯಿತು. ಗರ್ಭಿಣಿ ಪತ್ನಿ ತೀರಿಕೊಂಡರು. ಅವರು 18 ಗಂಟೆ ಅವಶೇಷಗಳಡಿ ಸಿಕ್ಕಿಕೊಂಡಿದ್ದರು. ಕಾಲುಗಳು ಮುರಿದಿದ್ದವು, ಎಡಗೈ ಜಜ್ಜಿತ್ತು. ಆ ಹೊತ್ತನ್ನು ಕಳೆದದ್ದು ಹೇಗೆಂದು ಅವರೇ ಮುಂದೆ ಹೇಳಿದರು: ಒಂದಷ್ಟು ಹೊತ್ತು ಪ್ರಾರ್ಥನೆ, ಉಳಿದ ಹೊತ್ತು ತಾನು ನುಡಿಸಿದ್ದ ಪಿಟೀಲು ಕೃತಿಗಳನ್ನು ಆದಿಯಿಂದ ಅಂತ್ಯದವರೆಗೆ ಮನಸ್ಸಿನೊಳಗೇ ನುಡಿಸಿಕೊಳ್ಳುವುದು. ಕೃತಿಯೊಂದಕ್ಕೆ ಎಷ್ಟು ನಿಮಿಷವೆಂದು ಗೊತ್ತಿದ್ದರಿಂದ ಗಂಟೆಗಳ ಲೆಕ್ಕವೂ ಸಿಗುತ್ತಿತ್ತು. ಅವರು 2015ರಲ್ಲಿ ನಿಧನರಾದರು.

ಸೇಂಟ್ ಟ್ರಿನಿಟೆಯ ಮಕ್ಕಳು, ಶಿಕ್ಷಕರು ಮಾಡಿದ್ದೂ ಬೇರೆ ರೀತಿಯದಲ್ಲ. ಕಲ್ಲುಮಣ್ಣಿನಡಿಯಿಂದ ಉಳಿದಷ್ಟು ವಾದ್ಯ ಹೊರತೆಗೆದು ಬಯಲಿನಲ್ಲೇ ಅಭ್ಯಾಸಕ್ಕೆ ಕೂತರು. ಓಸ್ಲಿ ಬ್ರೌನ್ ಎಂಬ ನಿರ್ದೇಶಕರು ಭೂಕಂಪಕ್ಕೆ ಮುಂಚಿನಿಂದಲೇ ಈ ಶಾಲೆಯನ್ನು ಚಿತ್ರೀಕರಿಸುತ್ತಿದ್ದರು. 2016ರಲ್ಲಿ ಬಂದ ‘ಸೆರೆನೇಡ್ ಫಾರ್ ಹೈಟಿ’ ಸಾಕ್ಷ್ಯಚಿತ್ರದಲ್ಲಿ ಎರಡೂ ಕಾಲ ಉಳಿದಿವೆ.

ಕರುಣೆಯೊಂದೇ ಸಾಲದು

ಭೂಕಂಪದ ಬೆನ್ನಿಗೇ ಹೈಟಿಗೆ ಸಹಾಯದ ಮಹಾಪೂರ ಬಂತು. ಅದರಲ್ಲಿ ಕೊಳೆಯೂ ಇತ್ತು. 2010ರ ಜನವರಿ ಕೊನೆಯಲ್ಲಿ ಅಮೆರಿಕದ ಹತ್ತು ಜನರ ಗುಂಪೊಂದು 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಸಿಕ್ಕಿಬಿತ್ತು. ಅನಾಥರನ್ನು ಕಾಪಾಡುತ್ತಿದ್ದೇವೆಂದು ಅವರು ಹೇಳಿಕೊಂಡರು. ವಿಚಾರಿಸಿದಾಗ ಮಕ್ಕಳಿಗೆ ಹೆತ್ತವರಿದ್ದುದು ತಿಳಿಯಿತು.

ನಮ್ಮ ನಗರಗಳ ಮಧ್ಯಮವರ್ಗದ ಮನೆಗಳಲ್ಲೂ ಈಗ ಮಕ್ಕಳನ್ನು ವಿದೇಶದ ‘ಸ್ವಯಂಸೇವೆ’ಗೆ ಕಳಿಸುವ ಮಾತು ಕೇಳಿಬರುತ್ತದೆ. ಕಾಲೇಜು ಪ್ರವೇಶದ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆಂಬ ಆಸೆಯೂ ಅದರೊಳಗೆ ಸೇರಿರುತ್ತದೆ, ಮುಚ್ಚಿಡುವುದೇಕೆ? ಹಣ ಪಡೆದು ಎರಡು ವಾರದ ಸೇವೆಯನ್ನು ಏರ್ಪಡಿಸುವ ಕಂಪನಿಗಳಿವೆ. ಅಂಥ ಕಡೆ ಚೆಕ್ಕು ಬರೆಯುವ ಮುಂಚೆ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳು ಹೈಟಿಯ ಅನುಭವದಿಂದಲೇ ಹುಟ್ಟುತ್ತವೆ. ಕರೆದವರು ಯಾರು — ಆ ಊರಿನವರೋ, ಮಧ್ಯವರ್ತಿಯೋ? ತರಗತಿಯಲ್ಲಿ ಊರಿನ ಮೇಷ್ಟ್ರು ಪಕ್ಕದಲ್ಲಿ ಇರುತ್ತಾರೋ, ಇಲ್ಲವೋ? ನಮ್ಮ ಹುಡುಗ ಮರಳಿದ ಮರುದಿನ ಆ ಪಾಠ ಮುಂದುವರಿಯುತ್ತದೋ, ನಿಲ್ಲುತ್ತದೋ? ಕೊನೆಯದಾಗಿ, ಸ್ವಲ್ಪ ಕಹಿಯಾದದ್ದು: ನಮ್ಮ ಮಗುವಿಗೆ ಕಲಿಸುವಷ್ಟು ಬರುತ್ತದೆಯೇ? ಸರಳೆ ವರಸೆ ಮುಗಿಸಿದವರನ್ನು ನಮ್ಮ ಮನೆಯ ಮಗುವಿಗೆ ಗುರುವೆಂದು ನಾವು ಒಪ್ಪುವುದಿಲ್ಲ. ಹೈಟಿಯ ತಾಯಿ ಏಕೆ ಒಪ್ಪಬೇಕು?

ವಿಮಾನದ ಟಿಕೆಟ್ಟಿನ ದುಡ್ಡನ್ನು ಅಲ್ಲಿನ ಮೇಷ್ಟ್ರ ಸಂಬಳಕ್ಕೇ ಕಳಿಸಿದರೆ ಹೆಚ್ಚು ಉಪಯೋಗವಲ್ಲವೇ ಎಂಬ ವಾದವೂ ಇದೆ. ಹಲವು ಸಂದರ್ಭಗಳಲ್ಲಿ ಅದೇ ಸರಿ. ಆದರೆ ಸಂಬಳ ಕೊಡಲು ಮೇಷ್ಟ್ರು ಬೇಕಷ್ಟೆ. ಚೆಲೋ ನುಡಿಸುವವರೇ ಇಲ್ಲದ ಊರಿನಲ್ಲಿ ಮೊದಲನೆಯ ಚೆಲೋ ಮೇಷ್ಟ್ರು ಹೊರಗಿನಿಂದಲೇ ಬರಬೇಕಾಗುತ್ತದೆ. ಮುಂದೆ ಅದೇ ಊರಿನ ಹುಡುಗ ಎರಡನೆಯ ಮೇಷ್ಟ್ರಾದನೇ ಎಂಬುದನ್ನು ನೋಡಿದರೆ ಮೊದಲನೆಯವನು ಮಾಡಿದ ಕೆಲಸ ಎಂಥದ್ದೆಂದು ತಿಳಿಯುತ್ತದೆ. ಇದಕ್ಕೆ ಹತ್ತು ವರ್ಷವಾದರೂ ಬೇಕು. ಎರಡು ವಾರದ ಫೋಟೋಗಳಲ್ಲಿ ಕಾಣುವುದಲ್ಲ.

ದಾರಿ ಮುಚ್ಚಿತು

ಹೈಟಿಯ ಶಿಬಿರಗಳಿಗೆ ಆ ಪರೀಕ್ಷೆ ಯಾರೂ ಬಯಸದ ರೀತಿಯಲ್ಲಿ ಬಂತು. 2020ರಲ್ಲಿ ಕೊರೊನಾ. 2021ರ ಜೂನ್‌ನಿಂದ ರಾಜಧಾನಿಯ ದಕ್ಷಿಣದ ಹೊರದಾರಿಯನ್ನು ಶಸ್ತ್ರಧಾರಿ ಗುಂಪುಗಳು ಹಿಡಿದುಕೊಂಡವು. ಲೆಯೋಗಾನ್‌ಗೆ ಹೋಗುವುದು ಆ ದಾರಿಯಲ್ಲೇ. ಮೂವತ್ತೇ ಕಿಲೋಮೀಟರು, ಆದರೆ ಪ್ರಾಣದ ಪಣ. ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯಿಸ್ ತಮ್ಮ ಮನೆಯಲ್ಲೇ ಕೊಲೆಯಾದರು. ಆಗಸ್ಟ್ 14ರಂದು ದಕ್ಷಿಣದಲ್ಲಿ 7.2 ಪ್ರಮಾಣದ ಮತ್ತೊಂದು ಭೂಕಂಪವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. 2024ರಲ್ಲಿ ರಾಜಧಾನಿಯ ವಿಮಾನ ನಿಲ್ದಾಣ ತಿಂಗಳುಗಟ್ಟಲೆ ಮುಚ್ಚಿತು. ಮೇ ತಿಂಗಳಲ್ಲಿ ತೆರೆದದ್ದು ನವೆಂಬರ್‌ನಲ್ಲಿ ವಿಮಾನಗಳಿಗೆ ಗುಂಡು ತಗುಲಿದ ಮೇಲೆ ಮತ್ತೆ ಮುಚ್ಚಿತು. 2025ರ ಆರಂಭದ ಹೊತ್ತಿಗೆ ಮನೆಮಾರು ಬಿಟ್ಟವರ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಪ್ರಯಾಣವೇ ಬೇಡವೆಂದು ಅಮೆರಿಕ ತನ್ನ ಪ್ರಜೆಗಳನ್ನು ಎಚ್ಚರಿಸಿತು. ಸೂಟ್‌ಕೇಸಿನಲ್ಲಿ ತಂತಿ ತರುತ್ತಿದ್ದ ಮೇಷ್ಟ್ರು ಬಾರದಾದರು.

ಶಿಬಿರಗಳು ಮಾತ್ರ ಪೂರ್ತಿ ನಿಲ್ಲಲಿಲ್ಲ. ರಾಜಧಾನಿಯಾಚೆಯ ಊರುಗಳಲ್ಲಿ, ಸ್ವಲ್ಪ ನೆಮ್ಮದಿಯಿರುವ ಕಡೆಗಳಲ್ಲಿ, ಹೈಟಿಯ ಶಿಕ್ಷಕರೇ ರಜೆಯ ಸಂಗೀತ ಪಾಠವನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಅವರಲ್ಲಿ ಹಿಂದೆ ಇಂಥ ಶಿಬಿರಗಳಲ್ಲೇ ಮಕ್ಕಳಾಗಿ ಕೂತಿದ್ದವರಿದ್ದಾರೆ. ಹೊರಗಿನ ಗೆಳೆಯರು ಈಗ ಮಾಡುವ ಕೆಲಸ ದೂರದಿಂದ: ಹಣ ಹೊಂದಿಸುವುದು, ಸ್ವರಲಿಪಿಯ ಹಾಳೆಗಳನ್ನು ಕಳಿಸುವುದು, ದೂರವಾಣಿಯಲ್ಲಿ ಸಲಹೆ. ಕ್ರಿಯೋಲಿನಲ್ಲಿ ಎಣಿಕೆ ಕಲಿಯಬೇಕಾದ ಮೇಷ್ಟ್ರು ಈಗ ತರಗತಿಯಲ್ಲಿಲ್ಲ. ಕಪ್ಪುಹಲಗೆಯ ಮೇಲೆ ಐದು ಗೆರೆ ಎಳೆದು, ದೊ ಎಲ್ಲಿದೆ ತೋರಿಸು ಎಂದು ಕೇಳುವವರಿಗೆ ಮಕ್ಕಳ ಭಾಷೆಯೇ ಮನೆಮಾತು. ಮಕ್ಕಳು ಉತ್ತರಿಸಲು ತಲೆ ತಗ್ಗಿಸಬೇಕಾಗಿಲ್ಲ. ಪಿಟೀಲಿನ ತಂತಿ ಹರಿದರೆ ಬದಲಿ ಎಲ್ಲಿಂದ ತರುವುದು ಎಂಬ ಚಿಂತೆ ಮಾತ್ರ ಹಾಗೇ ಇದೆ.